ಬಿಸಿಲಿರುವಾಗಲೇ ಬರೆಯಬೇಕಾದ ಲೆಕ್ಕ

1/10

ಜೂನ್ 1 ಅಂದ ತಕ್ಷಣ ನಮಗೆ ನೆನಪಾಗೋದು ಕೇರಳಕ್ಕೆ ಮುಂಗಾರು ಬರೋ ದಿನ. ಅದೇ ಜೂನ್ 1ಕ್ಕೆ ಅಮೆರಿಕದ ಪೂರ್ವ ಮತ್ತು ದಕ್ಷಿಣ ಕರಾವಳಿಯಲ್ಲಿ ಇನ್ನೊಂದು ಲೆಕ್ಕ ಶುರುವಾಗುತ್ತೆ: ಹರಿಕೇನ್ ಸೀಸನ್. ಅದು ಮುಗಿಯೋದು ನವೆಂಬರ್ 30ಕ್ಕೆ. ನಾವು ಬಂಗಾಳ ಕೊಲ್ಲಿಯಲ್ಲಿ, ಅರಬ್ಬಿ ಸಮುದ್ರದಲ್ಲಿ ಸೈಕ್ಲೋನ್ ಅಂತ ಕರೆಯೋದನ್ನೇ ಅಟ್ಲಾಂಟಿಕ್‌ನಲ್ಲಿ ಹರಿಕೇನ್ ಅಂತಾರೆ. ಹೆಸರು ಬೇರೆ, ಗಾಳಿ ಒಂದೇ.

ಚಂಡಮಾರುತದ ಬಗ್ಗೆ ಪೋಸ್ಟ್ ಅಂದ್ರೆ ಗಾಳಿ, ಅಲೆ, ಹಾರಿಹೋದ ಛಾವಣಿ ಇವೇ ಜಾಸ್ತಿ. ಈ ಸರಣಿ ಅದರ ಬಗ್ಗೆ ಅಲ್ಲ. ಗಾಳಿ ಬರೋಕೆ ಮುಂಚೆ ಆಫೀಸು, ಅಂಗಡಿ, ಆಸ್ಪತ್ರೆ, ಸರ್ಕಾರಿ ಇಲಾಖೆಗಳ ಒಳಗೆ ಏನು ನಡೆದಿತ್ತು, ಗಾಳಿ ಹೋದ ಮೇಲೆ ಯಾರು ಬಾಗಿಲು ತೆರೆದರು, ಯಾರ ಬಾಗಿಲು ಮತ್ತೆ ತೆರೆಯಲೇ ಇಲ್ಲ ಅನ್ನೋದರ ಬಗ್ಗೆ.

ಬಿ.ಕಾಂ ಓದ್ತಿರೋರಿಗೆ ಪ್ರೂಡೆನ್ಸ್ ಅನ್ನೋ ತತ್ವ ಮೊದಲ ಸೆಮಿಸ್ಟರ್‌ನಲ್ಲೇ ಸಿಕ್ಕಿರುತ್ತೆ. ಲಾಭವನ್ನು ಕೈಗೆ ಬಂದ ಮೇಲೆ ಬರೆ, ಬರಬಹುದಾದ ನಷ್ಟವನ್ನು ಈಗಲೇ ಬರೆದು ಅದಕ್ಕೆ ಪ್ರಾವಿಜನ್ ಎತ್ತಿಡು ಅಂತ. ಪರೀಕ್ಷೆಗೆ 2 ಮಾರ್ಕಿನ ಪ್ರಶ್ನೆ ಅದು. ಆದರೆ 1900ರಿಂದ ಇಲ್ಲಿವರೆಗಿನ ಕೆಲವು ಹರಿಕೇನ್‌ಗಳನ್ನು ಓದ್ತಾ ಹೋದ್ರೆ ಒಂದೇ ಮಾತು ಮತ್ತೆ ಮತ್ತೆ ಕಾಣುತ್ತೆ. ಅಪಾಯ ಗೊತ್ತಿಲ್ಲದೆ ಮುಳುಗಿದವರು ಕಡಿಮೆ. ಗೊತ್ತಿದ್ದೂ ಅದಕ್ಕೆ ದುಡ್ಡು ಎತ್ತಿಡದೆ, ಯಾರು ತೀರ್ಮಾನ ಮಾಡಬೇಕು ಅಂತ ಬರೆದಿಡದೆ ಮುಳುಗಿದವರೇ ಜಾಸ್ತಿ.

ಹತ್ತು ಭಾಗ ಇದೆ. ನಿಧಾನಕ್ಕೆ ಓದಿ. ಆಮೇಲೆ ಓದ್ತೀನಿ ಅನ್ನೋರು ಸೇವ್ ಮಾಡ್ಕೊಳ್ಳಿ.

2/10

ಹಳೇ ನಕಾಶೆಯಲ್ಲಿ ಟೆಕ್ಸಾಸ್ ಕರಾವಳಿ ನೋಡಿದ್ರೆ ಉದ್ದಕ್ಕೆ ಒಂದು ಸಣ್ಣ ಗೆರೆಯಂಥ ದ್ವೀಪ ಕಾಣುತ್ತೆ. ಅದೇ ಗ್ಯಾಲ್ವೆಸ್ಟನ್. 1900ರಲ್ಲಿ ಅಲ್ಲಿ ಸುಮಾರು 38,000 ಜನ ಇದ್ದರು. ಹತ್ತಿ ರಫ್ತಿನ ದೊಡ್ಡ ಬಂದರು, ಬ್ಯಾಂಕುಗಳು, ದೊಡ್ಡ ವ್ಯಾಪಾರಿ ಮನೆತನಗಳು. ದುಡ್ಡಿಗೇನೂ ಬರ ಇರಲಿಲ್ಲ.

ಒಂದೇ ತೊಂದರೆ, ಎತ್ತರ. ಇಡೀ ನಗರದ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ 9 ಅಡಿ ದಾಟುತ್ತಿರಲಿಲ್ಲ.

ಅದೇ ಕರಾವಳಿಯಲ್ಲಿ ಇಂಡಿಯನೋಲಾ ಅಂತ ಇನ್ನೊಂದು ಬಂದರು ಇತ್ತು. 1875ರಲ್ಲಿ ಒಂದು ಹರಿಕೇನ್ ಅದನ್ನ ಹೊಡೆದು ಹಾಕ್ತು. ಉಳಿದವರು ಮತ್ತೆ ಕಟ್ಟಿದರು. 1886ರಲ್ಲಿ ಇನ್ನೊಂದು ಬಂತು. ಆಮೇಲೆ ಜನ ಆ ಊರನ್ನೇ ಬಿಟ್ಟು ಹೋದರು. ಗ್ಯಾಲ್ವೆಸ್ಟನ್‌ನವರು ಇದನ್ನೆಲ್ಲ ಹತ್ತಿರದಿಂದ ನೋಡಿದ್ದರು. ನಮಗೂ ಒಂದು ತಡೆಗೋಡೆ ಬೇಕು ಅಂತ ಮಾತೂ ಎದ್ದಿತ್ತು. ಮಾತು ಮಾತಾಗೇ ಉಳೀತು. ಗೋಡೆಗೆ ದುಡ್ಡು ಯಾರು ಹಾಕಬೇಕು ಅನ್ನೋ ಪ್ರಶ್ನೆ ಬಂದಾಗ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತೆ. ನಮ್ಮ ಅಪಾರ್ಟ್‌ಮೆಂಟ್ ಸಭೆಗಳಲ್ಲೂ ಅಷ್ಟೇ ಅಲ್ವಾ?

1891ರಲ್ಲಿ ಊರಿನ ಹವಾಮಾನ ಕಚೇರಿಯ ಮುಖ್ಯಸ್ಥ ಐಸಾಕ್ ಕ್ಲೈನ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಹರಿಕೇನ್‌ನಿಂದ ಗ್ಯಾಲ್ವೆಸ್ಟನ್‌ಗೆ ದೊಡ್ಡ ಹಾನಿ ಆಗುತ್ತೆ ಅನ್ನೋದು ಬರೀ ಭ್ರಮೆ ಅನ್ನೋ ಅರ್ಥದ ಲೇಖನ. ಊರಿಗೆ ಬೇಕಾಗಿದ್ದೂ ಅದೇ ಉತ್ತರ. ಪರಿಣತರೇ ಹೇಳಿದ ಮೇಲೆ ಖರ್ಚು ಯಾಕೆ?

ಅಕೌಂಟ್ಸ್ ಭಾಷೆಯಲ್ಲಿ ಹೇಳಬೇಕಂದ್ರೆ ಪಕ್ಕದ ಅಂಗಡಿ ಎರಡು ಸಲ ದಿವಾಳಿ ಆಗಿದ್ದನ್ನು ನೋಡಿಯೂ ಇವರು ಪ್ರಾವಿಜನ್ ಕಾಲಂನಲ್ಲಿ ಸೊನ್ನೆ ಬರೆದರು.

3/10

1900ರ ಆಗಸ್ಟ್ ಕೊನೆ. ಕ್ಯೂಬಾ ಆಗ ಅಮೆರಿಕದ ಸೇನೆಯ ಹಿಡಿತದಲ್ಲಿತ್ತು. ಅಲ್ಲಿನ ಹವಾನಾದಲ್ಲಿ ಜೆಸ್ವಿಟ್ ಪಾದ್ರಿಗಳು ನಡೆಸುತ್ತಿದ್ದ ಬೆಲೆನ್ ವೀಕ್ಷಣಾಲಯ ಹರಿಕೇನ್ ಮುನ್ಸೂಚನೆಗೆ ಹೆಸರಾಗಿತ್ತು. ಬೆನಿತೊ ವಿನ್ಯೆಸ್ ಅನ್ನೋ ಪಾದ್ರಿ 1875ರಷ್ಟು ಹಿಂದೆಯೇ ಅಲ್ಲಿಂದ ಮುನ್ನೆಚ್ಚರಿಕೆ ಕೊಡೋಕೆ ಶುರುಮಾಡಿದ್ದರು.

ಅಮೆರಿಕದ ವೆದರ್ ಬ್ಯೂರೋಗೆ ಕ್ಯೂಬಾದವರ ಮಾತು ಇಷ್ಟ ಆಗ್ತಿರಲಿಲ್ಲ. ಇವರು ಸುಮ್ಮನೆ ಜನರನ್ನ ಹೆದರಿಸ್ತಾರೆ ಅನ್ನೋದು ಅವರ ಅಭಿಪ್ರಾಯ. ಹರಿಕೇನ್ ಕಾಲದ ನಡುವೆಯೇ ಕ್ಯೂಬಾದ ಹವಾಮಾನ ಸಂದೇಶಗಳು ಸರ್ಕಾರಿ ತಂತಿಯಲ್ಲಿ ಹೋಗದ ಹಾಗೆ ತಡೆ ಹಾಕಿಸಿದರು. ಆ ಬಿರುಗಾಳಿ ಮೆಕ್ಸಿಕೋ ಕೊಲ್ಲಿ ಕಡೆಗೆ, ಅಂದ್ರೆ ಪಶ್ಚಿಮಕ್ಕೆ ಹೋಗುತ್ತೆ ಅಂತ ಕ್ಯೂಬಾದವರು ಅಂದಾಜು ಮಾಡಿದ್ದರು. ಅದು ಫ್ಲಾರಿಡಾ ಕಡೆ ತಿರುಗುತ್ತೆ ಅಂತ ವಾಷಿಂಗ್ಟನ್ ನಂಬಿತ್ತು.

ಸೆಪ್ಟೆಂಬರ್ 7ಕ್ಕೆ ಗ್ಯಾಲ್ವೆಸ್ಟನ್‌ನಲ್ಲಿ ಎಚ್ಚರಿಕೆಯ ಬಾವುಟ ಏರಿತು. 8ನೇ ತಾರೀಖು, ಶನಿವಾರ. ಅಂಗಡಿಗಳು ತೆರೆದಿದ್ದವು, ಕಚೇರಿಗಳು ನಡೀತಿದ್ದವು. ಮಧ್ಯಾಹ್ನದ ಹೊತ್ತಿಗೆ ದ್ವೀಪದಿಂದ ಹೊರಗೆ ಹೋಗೋ ದಾರಿಗಳೆಲ್ಲ ಮುಚ್ಚಿಹೋದವು. ಸಂಜೆಗೆ 15 ಅಡಿಗೂ ಹೆಚ್ಚು ಎತ್ತರಕ್ಕೆ ಕಡಲು ಉಕ್ಕಿ ಬಂತು. ಊರಿನ ಎತ್ತರ ಎಷ್ಟು ಅಂತ ಹಿಂದಿನ ಭಾಗದಲ್ಲಿ ಓದಿದಿರಿ.

ಸತ್ತವರು ಕನಿಷ್ಠ 6,000. ಹೆಚ್ಚಿನ ಪುಸ್ತಕಗಳು 8,000 ಅನ್ನುತ್ತವೆ. ಅಮೆರಿಕದ ಇತಿಹಾಸದಲ್ಲಿ ಇಷ್ಟು ಜೀವ ತೆಗೆದ ಇನ್ನೊಂದು ಪ್ರಕೃತಿ ವಿಕೋಪ ಇಲ್ಲ. ಸಮುದ್ರದಂಚಿನ ಸೇಂಟ್ ಮೇರೀಸ್ ಅನಾಥಾಲಯದಲ್ಲಿ 10 ಸನ್ಯಾಸಿನಿಯರು, 90 ಮಕ್ಕಳು ಹೋದರು. ಮೂವರು ಹುಡುಗರು ಉಳಿದರು. ಕ್ಲೈನ್ ಅವರ ಗರ್ಭಿಣಿ ಹೆಂಡತಿಯೂ ಅವತ್ತು ತೀರಿಕೊಂಡರು. ತಾನು ಆ ದಿನ ಕಡಲಂಚಿನಲ್ಲಿ ಓಡಾಡಿ ಜನರನ್ನು ಎಚ್ಚರಿಸಿದೆ ಅಂತ ಅವರು ಆಮೇಲೆ ಬರೆದುಕೊಂಡರು. ಎಲ್ಲ ಇತಿಹಾಸಕಾರರೂ ಅದನ್ನ ಒಪ್ಪಲ್ಲ. ನನಗೆ ಅನ್ನಿಸೋದು ಬೇರೆ. ಹಾಗೆ ಎಚ್ಚರಿಸಿದ್ರೂ ಜನ ಹೋಗಬೇಕಾಗಿದ್ದು ಎಲ್ಲಿಗೆ? ಹೋಗೋ ಜಾಗವನ್ನ ಯಾರೂ ಮೊದಲೇ ಯೋಚಿಸಿರಲಿಲ್ಲ.

4/10

ಈ ಫೋಟೊ ನೋಡಿ ಎಡಿಟ್ ಮಾಡಿದ್ದು ಅನ್ಕೋಬೇಡಿ. ಮನೆಗಳನ್ನು ನಿಜವಾಗ್ಲೂ ಜಾಕ್ ಕೊಟ್ಟು ಎತ್ತಿದ್ದಾರೆ.

ದುರಂತ ಆದ ಮರುದಿನವೇ ಊರಿನವರು ಸೇರಿ ಒಂದು ಪರಿಹಾರ ಸಮಿತಿ ಮಾಡಿಕೊಂಡರು. 1901ರಲ್ಲಿ ನಗರದ ಆಡಳಿತವನ್ನೇ ಬದಲಾಯಿಸಿದರು. ಹಳೇ ಕೌನ್ಸಿಲ್ ಹೋಗಿ ಐದು ಜನರ ಆಯೋಗ ಬಂತು. ಹಣಕಾಸು, ಪೊಲೀಸ್ ಮತ್ತು ಅಗ್ನಿಶಾಮಕ, ನೀರು, ರಸ್ತೆ ಹೀಗೆ ಒಂದೊಂದಕ್ಕೂ ಒಬ್ಬರು ಹೊಣೆ. ಯಾವ ಕೆಲಸ ನಿಂತ್ರೂ ಯಾರನ್ನ ಕೇಳಬೇಕು ಅಂತ ಗೊತ್ತು. ಮುಂದಿನ ಎರಡು ದಶಕಗಳಲ್ಲಿ ಸುಮಾರು 500 ಅಮೆರಿಕನ್ ನಗರಗಳು ಈ ಮಾದರಿ ತಗೊಂಡವು. ಇದಕ್ಕೂ ಒಂದು ಬೆಲೆ ಇತ್ತು: ವಾರ್ಡುಗಳ ಪ್ರತಿನಿಧಿಗಳು ಹೋದರು, ಬಡವರ ಬೀದಿಗಳ ದನಿ ಕಡಿಮೆ ಆಯ್ತು.

ತಡೆಗೋಡೆಯ ಯೋಜನೆ ಮಾಡಿದ ಮೂವರು ಎಂಜಿನಿಯರುಗಳಲ್ಲಿ ಒಬ್ಬರು ಹೆನ್ರಿ ರಾಬರ್ಟ್. ಕಂಪನಿ ಸಭೆಗಳ ಬಗ್ಗೆ ಓದಿದ್ದೀರಾ? ಠರಾವು ಮಂಡಿಸೋದು, ಒಬ್ಬರು ಅನುಮೋದಿಸೋದು, ಮತಕ್ಕೆ ಹಾಕೋದು ಹೇಗೆ ಅಂತ ಹೇಳೋ ಪ್ರಸಿದ್ಧ 'ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್' ಬರೆದವರು ಇವರೇ. ಸಭೆ ಹೇಗೆ ಮುಗಿಸಬೇಕು ಅಂತ ಗೊತ್ತಿದ್ದವರ ಕೈಯಲ್ಲೇ ಗೋಡೆಯ ಮಾತೂ ಮುಗೀತು.

ಕೌಂಟಿ ಬಾಂಡ್ ಹೊರಡಿಸಿತು, ಊರಿನವರೇ ಮುಂದೆ ಬಂದು ಕೊಂಡರು. 17 ಅಡಿ ಎತ್ತರದ, ಸುಮಾರು 3 ಮೈಲಿ ಉದ್ದದ ಗೋಡೆಯ ಮೊದಲ ಭಾಗ 1904ರಲ್ಲಿ ಮುಗೀತು. ಆಮೇಲೆ ಇಡೀ ನಗರದ ನೆಲವನ್ನೇ ಎತ್ತರಿಸಿದರು. 2,000ಕ್ಕೂ ಹೆಚ್ಚು ಕಟ್ಟಡಗಳನ್ನ ಜಾಕ್ ಮೇಲೆ ಎತ್ತಿ, ಕೆಳಗೆ ಮರಳುನೀರು ಪಂಪ್ ಮಾಡಿದರು. 3,000 ಟನ್ ತೂಕದ ಸೇಂಟ್ ಪ್ಯಾಟ್ರಿಕ್ಸ್ ಚರ್ಚನ್ನ 700 ಜಾಕ್ ಇಟ್ಟು ಎತ್ತಿದರು. ವರ್ಷಗಟ್ಟಲೆ ಜನ ಹಲಗೆಗಳ ಮೇಲೆ ಓಡಾಡಿದರು. ತಮ್ಮ ಮನೆ ಎತ್ತಿಸೋ ಖರ್ಚು ಮನೆಯವರದೇ.

1915ರಲ್ಲಿ ಅಂಥದ್ದೇ ಇನ್ನೊಂದು ಹರಿಕೇನ್ ಬಂತು. ಈ ಸಲ ನಗರದಲ್ಲಿ ಸತ್ತವರು ಹತ್ತರ ಆಸುಪಾಸು.

ಕಥೆ ಇಲ್ಲಿಗೆ ಸುಖಾಂತ್ಯ ಅನ್ಕೋಬೇಡಿ. 1901ರಲ್ಲಿ ಹತ್ತಿರದಲ್ಲೇ ಎಣ್ಣೆ ಸಿಕ್ಕಿತ್ತು, 1914ರಲ್ಲಿ ಒಳನಾಡಿನ ಹ್ಯೂಸ್ಟನ್‌ವರೆಗೆ ಹಡಗಿನ ಕಾಲುವೆ ತೆರೆಯಿತು. ದೊಡ್ಡ ವ್ಯಾಪಾರ ಅಲ್ಲಿಗೆ ಸಾಗಿತು. ಗೋಡೆ ಜೀವ ಉಳಿಸಿತು. ಹೋದ ಗಿರಾಕಿಯನ್ನ ವಾಪಸ್ ಕರೆತರಲಿಲ್ಲ.

5/10

ಈಗ ನೂರು ವರ್ಷ ಮುಂದಕ್ಕೆ ಹೋಗೋಣ. 1900ರ ಗ್ಯಾಲ್ವೆಸ್ಟನ್‌ಗೆ ಇಲ್ಲದ ಎಲ್ಲವೂ ಈಗ ಇದೆ: ಉಪಗ್ರಹ, ಕಂಪ್ಯೂಟರ್, 1979ರಲ್ಲಿ ಶುರುವಾದ ಫೆಮಾ ಅನ್ನೋ ಕೇಂದ್ರದ ತುರ್ತು ನಿರ್ವಹಣಾ ಸಂಸ್ಥೆ. ಹಾಗಾದ್ರೆ ತಯಾರಿ ಪಕ್ಕಾ ಇರಬೇಕಲ್ವಾ?

2004ರ ಜುಲೈ. ಲೂಸಿಯಾನ ರಾಜ್ಯದ ಬ್ಯಾಟನ್ ರೂಜ್‌ನಲ್ಲಿ ಐದು ದಿನದ ಒಂದು ಅಣಕು ಕಾರ್ಯಾಚರಣೆ ನಡೀತು. 250ಕ್ಕೂ ಹೆಚ್ಚು ಅಧಿಕಾರಿಗಳು ಬಂದಿದ್ದರು. 'ಪ್ಯಾಮ್' ಅನ್ನೋ ಕಾಲ್ಪನಿಕ ಹರಿಕೇನ್ ನ್ಯೂ ಆರ್ಲಿಯನ್ಸ್‌ಗೆ ಹೊಡೆಯುತ್ತೆ, ನೀರು ಒಡ್ಡು ದಾಟಿ ಒಳಗೆ ನುಗ್ಗುತ್ತೆ, ನಗರ ಮುಳುಗುತ್ತೆ, 60,000 ಜನ ಸಾಯಬಹುದು. ಇದನ್ನೆಲ್ಲ ಅವರೇ ಮೇಜಿನ ಮೇಲೆ ಹರಡಿಕೊಂಡು ಚರ್ಚೆ ಮಾಡಿದರು.

ಹದಿಮೂರು ತಿಂಗಳಾದ ಮೇಲೆ, 2005ರ ಆಗಸ್ಟ್ 29ರಂದು, ಕತ್ರಿನಾ ಬಂತು. ಒಡ್ಡುಗಳು ಒಡೆದವು. ನಗರದ 80% ನೀರಿನಡಿ. ಸತ್ತವರ ಲೆಕ್ಕ ಬಹಳ ಕಾಲ 1,800ಕ್ಕೂ ಹೆಚ್ಚು ಅಂತಿತ್ತು, 2023ರಲ್ಲಿ ಪರಿಷ್ಕರಿಸಿ 1,392 ಅಂದರು.

ಪ್ಯಾಮ್‌ನಲ್ಲಿ ಹಾಕಿದ ಲೆಕ್ಕ ದೊಡ್ಡದಿತ್ತು, ಆದರೆ ಪೂರ್ತಿಯಾಗಿರಲಿಲ್ಲ. ಮುಂದಿನ ಸಭೆಗಳಲ್ಲಿ ತುಂಬಬೇಕಾದ ಜಾಗಗಳು ಹಾಗೇ ಖಾಲಿ ಉಳಿದಿದ್ದವು. ಒಂದು ಸಭೆ ಪ್ರಯಾಣದ ಖರ್ಚಿಗೆ ದುಡ್ಡಿಲ್ಲ ಅಂತ ಮುಂದಕ್ಕೆ ಹೋಯಿತು. ಆ ಖಾಲಿ ಜಾಗಗಳಲ್ಲಿ ಮುಖ್ಯವಾದದ್ದು ಇದು: ಸ್ವಂತ ಕಾರು ಇಲ್ಲದವರನ್ನ ಊರಿಂದ ಹೊರಗೆ ಕರಕೊಂಡು ಹೋಗೋರು ಯಾರು? ಅಂಥವರು ಆ ನಗರದಲ್ಲಿ ಸುಮಾರು ಒಂದು ಲಕ್ಷ ಇದ್ದರು. ಬಸ್ಸುಗಳೂ ಇದ್ದವು. ಚಾಲಕರಿಗೆ ಯಾರು ಹೇಳಬೇಕು, ಎಲ್ಲಿಗೆ ಹೋಗಬೇಕು ಅನ್ನೋದು ತೀರ್ಮಾನ ಆಗಿರಲಿಲ್ಲ. ಸಾಲಾಗಿ ನಿಂತ ಬಸ್ಸುಗಳು ನೀರಲ್ಲಿ ಮುಳುಗಿರೋ ಫೋಟೊ ನೀವೂ ನೋಡಿರ್ತೀರಿ.

ಗ್ಯಾಲ್ವೆಸ್ಟನ್‌ನವರು ಅಪಾಯ ಇಲ್ಲ ಅಂದುಕೊಂಡಿದ್ದರು. ಇವರು ಅಪಾಯ ಇದೆ ಅಂತ ಬರೆದೇ ಇಟ್ಟಿದ್ದರು. ಬರೆದದ್ದಕ್ಕೆ ಬಜೆಟ್ ಸಿಗಲಿಲ್ಲ.

6/10

ಹಾಗಂತ ಕತ್ರಿನಾದಲ್ಲಿ ಎಲ್ಲರೂ ಸೋತರು ಅನ್ನೋ ಹಾಗಿಲ್ಲ. ಗೆದ್ದ ಎರಡು ಸಂಸ್ಥೆಗಳನ್ನ ಪಕ್ಕ ಪಕ್ಕ ಇಟ್ಟು ನೋಡಿ. ಒಂದು ಸರ್ಕಾರದ್ದು, ಒಂದು ಖಾಸಗಿ.

ಮೊದಲನೇದು ಅಮೆರಿಕದ ಕೋಸ್ಟ್ ಗಾರ್ಡ್. ಗಾಳಿ ಬರೋ ಮುಂಚೆಯೇ ಹೆಲಿಕಾಪ್ಟರ್, ದೋಣಿಗಳನ್ನ ದಾರಿಯಿಂದ ಆಚೆ ಸಾಗಿಸಿಟ್ಟರು. ಗಾಳಿ ಕಡಿಮೆ ಆಗ್ತಿದ್ದ ಹಾಗೇ ವಾಪಸ್ ಬಂದರು. 33,000ಕ್ಕೂ ಹೆಚ್ಚು ಜನರನ್ನ ಕಾಪಾಡಿದರು. ಅವರಲ್ಲಿ ಹಳೇ ಪದ್ಧತಿ ಒಂದಿದೆ: ಸ್ಥಳದಲ್ಲಿರೋ ಅಧಿಕಾರಿ ಮೇಲಿನವರ ಆದೇಶಕ್ಕೆ ಕಾಯದೆ ಜೀವ ಉಳಿಸೋ ತೀರ್ಮಾನ ತಗೋಬಹುದು.

ಎರಡನೇದು ವಾಲ್‌ಮಾರ್ಟ್. ಇವರು ಹರಿಕೇನ್‌ಗಳ ಮಾರಾಟದ ಲೆಕ್ಕವನ್ನೇ ಅಧ್ಯಯನ ಮಾಡ್ತಿದ್ದರು. ಬಿರುಗಾಳಿಗೆ ಮುಂಚೆ ಟಾರ್ಚ್ ಜಾಸ್ತಿ ಹೋಗುತ್ತೆ ಅಂತ ಯಾರಾದ್ರೂ ಊಹಿಸಬಹುದು. ಸ್ಟ್ರಾಬೆರಿ ಪಾಪ್-ಟಾರ್ಟ್ಸ್ ಅನ್ನೋ ತಿಂಡಿ ಮಾಮೂಲಿಗಿಂತ ಏಳು ಪಟ್ಟು ಹೋಗುತ್ತೆ ಅಂತ 2004ರಲ್ಲಿ ಅವರ ಡೇಟಾ ಹೇಳಿತ್ತು! ಒಲೆ ಬೇಡ, ಫ್ರಿಜ್ ಬೇಡ, ಮಕ್ಕಳು ತಿಂತಾರೆ. ಅದಕ್ಕೇ ಲಾರಿಗಳು ಮೊದಲೇ ಹೊರಡುತ್ತಿದ್ದವು. ಕತ್ರಿನಾ ಹೊತ್ತಿಗೆ ಮುಖ್ಯ ಕಚೇರಿ ಅಂಗಡಿ ಮ್ಯಾನೇಜರುಗಳಿಗೆ ಹೇಳಿದ್ದರ ಸಾರಾಂಶ: ನಿಮ್ಮ ಹುದ್ದೆಗೆ ಮೀರಿದ ತೀರ್ಮಾನ ತಗೋಬೇಕಾಗಿ ಬರಬಹುದು, ತಗೊಳ್ಳಿ. ಮಿಸಿಸಿಪ್ಪಿಯ ಒಂದು ಅಂಗಡಿಯಲ್ಲಿ ಸಹಾಯಕ ಮ್ಯಾನೇಜರ್ ಒಬ್ಬರು ಹಾಳಾದ ಅಂಗಡಿಗೆ ಬುಲ್ಡೋಜರ್ ನುಗ್ಗಿಸಿ, ಒಳಗೆ ಉಳಿದಿದ್ದನ್ನ ಹೊರಗೆ ತಂದು ಜನರಿಗೆ ಹಂಚಿದರು. ಮುಚ್ಚಿದ್ದ 126 ಅಂಗಡಿಗಳಲ್ಲಿ ಹತ್ತು ದಿನಕ್ಕೆ 15ರಷ್ಟು ಬಿಟ್ಟು ಉಳಿದವೆಲ್ಲ ತೆರೆದವು.

ಅಂಗಡಿಗೂ ಇಲಾಖೆಗೂ ಹೋಲಿಕೆ ಪೂರ್ತಿ ಸರಿ ಅಲ್ಲ, ನಿಜ. ಅಂಗಡಿ ತನ್ನ ಸರಕು ನೋಡ್ಕೊಂಡರೆ ಸಾಕು, ಇಲಾಖೆ ಎಲ್ಲರನ್ನೂ ನೋಡ್ಕೋಬೇಕು. ಆದ್ರೆ ಖಾಸಗಿ ಒಳ್ಳೇದು, ಸರ್ಕಾರ ಕೆಟ್ಟದು ಅನ್ನೋ ಸುಲಭದ ತೀರ್ಮಾನಕ್ಕೂ ಬರಬೇಡಿ. ಕೋಸ್ಟ್ ಗಾರ್ಡೂ ಸರ್ಕಾರವೇ. ಎರಡೂ ಕಡೆ ಕೆಳಗಿನವರ ಕೈಗೆ ಸಹಿ ಹಾಕೋ ಅಧಿಕಾರ ಮುಂಚೆಯೇ ಹೋಗಿತ್ತು.

7/10

ಇಡೀ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಇದರಲ್ಲಿ ಹೆಲಿಕಾಪ್ಟರ್ ಇಲ್ಲ, ಬುಲ್ಡೋಜರ್ ಇಲ್ಲ. ಪೇರೋಲ್ ಇದೆ.

ನ್ಯೂ ಆರ್ಲಿಯನ್ಸ್‌ನಲ್ಲಿ ನ್ಯಾಷನಲ್ ಫೈನಾನ್ಸ್ ಸೆಂಟರ್ ಅಂತ ಒಂದು ಸರ್ಕಾರಿ ಕಚೇರಿ. ಅಮೆರಿಕದ ಕೃಷಿ ಇಲಾಖೆಗೆ ಸೇರಿದ್ದು. ದೇಶದ ಉದ್ದಗಲಕ್ಕೂ ಇರೋ 5 ಲಕ್ಷಕ್ಕೂ ಹೆಚ್ಚು ಕೇಂದ್ರ ನೌಕರರ ಸಂಬಳದ ಲೆಕ್ಕ ಇಲ್ಲಿಂದಲೇ ಹೋಗ್ತಿತ್ತು. ಈ ಕಚೇರಿ ಮುಳುಗಿದ್ರೆ ಮಳೆಯೇ ಬಾರದ ಊರಿನ ಗುಮಾಸ್ತನ ಮನೆ ಬಾಡಿಗೆಯೂ ನಿಲ್ಲುತ್ತೆ.

ಕತ್ರಿನಾ ಬರೋ ಮುಂಚೆಯೇ ಅವರು ಬ್ಯಾಕಪ್ ಟೇಪುಗಳನ್ನ ಊರಾಚೆ ಕಳಿಸಿದರು. ಫಿಲಡೆಲ್ಫಿಯಾ ಕಡೆ ಒಂದು ಬದಲಿ ಕೇಂದ್ರ ಮೊದಲೇ ಗೊತ್ತಾಗಿತ್ತು. ಯಾವ ಸಿಬ್ಬಂದಿ ಎಲ್ಲಿಗೆ ಹೋಗಬೇಕು ಅನ್ನೋದೂ ಬರೆದಿತ್ತು. ಹೋದರು, ಕೂತರು, ಸಂಬಳ ಹೊತ್ತಿಗೆ ಸರಿಯಾಗಿ ಹೋಯ್ತು. ಆ ಲೆಕ್ಕ ಬರೀತಿದ್ದ ಎಷ್ಟೋ ಜನರ ಸ್ವಂತ ಮನೆಗಳು ಆ ಹೊತ್ತಿಗೆ ನೀರಲ್ಲಿದ್ದವು.

ಈಗ ಅದೇ ಊರಿನ ನಗರ ಸರ್ಕಾರಕ್ಕೆ ಬನ್ನಿ. ಅಂಗಡಿಗಳು ಮುಚ್ಚಿದ್ದವು, ಅಂದ್ರೆ ಮಾರಾಟ ತೆರಿಗೆ ಇಲ್ಲ. ಜನ ಇಲ್ಲ, ಅಂದ್ರೆ ನೀರಿನ ಬಿಲ್ಲೂ ಇಲ್ಲ. ಖರ್ಚು ಮಾತ್ರ ಬೆಟ್ಟದಷ್ಟು. ಕೇಂದ್ರದ ಪರಿಹಾರ ನಿಯಮದಲ್ಲಿ ತುರ್ತು ಕೆಲಸಕ್ಕೆ ಕಾಯಂ ನೌಕರರ ಓವರ್‌ಟೈಮ್ ಕೊಡೋಕೆ ಅವಕಾಶ ಇತ್ತು, ಅವರ ಮಾಮೂಲಿ ಸಂಬಳ ಕೊಡೋಕೆ ಇರಲಿಲ್ಲ. ಓದಿದಾಗ ವಿಚಿತ್ರ ಅನ್ನಿಸುತ್ತೆ. ಓವರ್‌ಟೈಮ್ ಬೇಕಂದ್ರೆ ಮೊದಲು ಟೈಮ್ ಕೊಡೋಕೆ ಒಬ್ಬ ನೌಕರ ಇರಬೇಕಲ್ಲ.

2005ರ ಅಕ್ಟೋಬರ್ ಮೊದಲ ವಾರ ಮೇಯರ್ ರೇ ನೇಗಿನ್ ನಗರ ಸರ್ಕಾರದ 3,000ದಷ್ಟು ನೌಕರರನ್ನ ಕೆಲಸದಿಂದ ತೆಗೀತಿದ್ದೀವಿ ಅಂತ ಘೋಷಿಸಿದರು. ಒಟ್ಟು ಸಿಬ್ಬಂದಿಯ ಅರ್ಧದಷ್ಟು. ಊರು ಮತ್ತೆ ಕಟ್ಟೋಕೆ ಅರ್ಜಿ ತಗೊಳ್ಳೋರು, ಮನೆ ತಪಾಸಣೆ ಮಾಡೋರು, ಕಡತ ಹುಡುಕೋರು ಅತಿ ಹೆಚ್ಚು ಬೇಕಾಗಿದ್ದ ಹೊತ್ತದು.

ಒಂದೇ ಊರು, ಒಂದೇ ನೀರು, ಎರಡು ಪೇರೋಲ್. ಒಂದಕ್ಕೆ ಬದಲಿ ಜಾಗ ಇತ್ತು, ಇನ್ನೊಂದಕ್ಕೆ ಮೂರು ತಿಂಗಳು ನಡೆಸೋವಷ್ಟು ಕಾಯ್ದಿಟ್ಟ ಹಣವೂ ಇರಲಿಲ್ಲ.

8/10

ಹಳದಿ ಬೋರ್ಡಿನ ಈ ಹೋಟೆಲ್ ಹೆಸರು ವಾಫಲ್ ಹೌಸ್. 1955ರಲ್ಲಿ ಜಾರ್ಜಿಯಾದಲ್ಲಿ ಶುರುವಾಗಿದ್ದು. ನಮ್ಮ ದರ್ಶಿನಿ ಥರ ಕಡಿಮೆ ಬೆಲೆ, ಆದ್ರೆ ದಿನದ 24 ಗಂಟೆಯೂ ತೆರೆದಿರುತ್ತೆ.

2004ರಲ್ಲಿ ಫ್ಲಾರಿಡಾಕ್ಕೆ ಚಾರ್ಲಿ ಅನ್ನೋ ಹರಿಕೇನ್ ಬಂದಾಗ ಆ ರಾಜ್ಯದ ತುರ್ತು ನಿರ್ವಹಣೆ ನೋಡ್ಕೊಳ್ತಿದ್ದವರು ಕ್ರೇಗ್ ಫ್ಯೂಗೇಟ್. ಹಾನಿ ನೋಡೋಕೆ ಸುತ್ತುವಾಗ ಒಂದು ವಿಷಯ ಅವರ ಗಮನಕ್ಕೆ ಬಂತು. ವಾಫಲ್ ಹೌಸ್ ತೆರೆದಿದ್ದು ಪೂರ್ತಿ ಮೆನು ಸಿಕ್ಕರೆ ಆ ಊರಲ್ಲಿ ಕರೆಂಟ್, ನೀರು ಇದೆ: ಹಸಿರು. ಅರ್ಧ ಮೆನು ಮಾತ್ರ ಇದ್ದರೆ ಜನರೇಟರ್ ಮೇಲೆ ನಡೀತಿದೆ, ಸರಬರಾಜು ಕಡಿಮೆ: ಹಳದಿ. ಬಾಗಿಲೇ ಹಾಕಿದ್ದರೆ ಅಲ್ಲಿ ಪರಿಸ್ಥಿತಿ ಬಿಗಡಾಯಿಸಿದೆ, ಮೊದಲು ಅಲ್ಲಿಗೆ ಹೋಗಿ: ಕೆಂಪು. 2009ರಲ್ಲಿ ಫ್ಯೂಗೇಟ್ ಫೆಮಾದ ಮುಖ್ಯಸ್ಥರಾದ ಮೇಲೆ ಈ 'ವಾಫಲ್ ಹೌಸ್ ಇಂಡೆಕ್ಸ್' ದೇಶಕ್ಕೆಲ್ಲ ಗೊತ್ತಾಯ್ತು.

ನಗು ಬರುತ್ತೆ, ಆದರೆ ಇದರ ಹಿಂದೆ ದೊಡ್ಡ ತಯಾರಿ ಇದೆ. ಕರೆಂಟ್ ಇಲ್ಲದಾಗ ಏನು ಮಾಡಬಹುದು, ನೀರಿಲ್ಲದಾಗ ಏನು ಮಾಡಬಹುದು ಅಂತ ಸಣ್ಣ ಮೆನುಗಳು ಮೊದಲೇ ತಯಾರಿರ್ತಾವೆ. ಬೇರೆ ಊರುಗಳಿಂದ ತಂಡಗಳು ಬರ್ತಾವೆ, ಸ್ಥಳೀಯ ಸಿಬ್ಬಂದಿ ತಮ್ಮ ಮನೆ ನೋಡ್ಕೊಳ್ಳಲಿ ಅಂತ.

ಆದ್ರೆ ಬಾಗಿಲು ತೆರೆದಿಡೋದೇ ದೊಡ್ಡಸ್ತಿಕೆ ಅನ್ನೋ ಕಡೆ ಒಂದು ಅಪಾಯವೂ ಇದೆ. ಗಂಟೆ ಲೆಕ್ಕದಲ್ಲಿ ಸಂಬಳ ತಗೊಳ್ಳೋ ಕೆಲಸಗಾರರಿಗೆ ನಾನು ಇವತ್ತು ಬರಲ್ಲ ಅನ್ನೋದು ಸುಲಭ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಹರಿಕೇನ್‌ನ ಮಳೆ ಟೆನೆಸಿಯ ಗುಡ್ಡಗಾಡಿಗೆ ಬಂತು. ಎರ್ವಿನ್ ಅನ್ನೋ ಊರಲ್ಲಿ ನದಿ ಪಕ್ಕದ ಒಂದು ಪ್ಲಾಸ್ಟಿಕ್ ಕಾರ್ಖಾನೆಯ ಕೆಲಸಗಾರರು ಪ್ರವಾಹದಲ್ಲಿ ಕೊಚ್ಚಿಹೋದರು, ಕೆಲವರು ಸತ್ತರು. ಅವರನ್ನ ಹೊತ್ತಿಗೆ ಸರಿಯಾಗಿ ಮನೆಗೆ ಬಿಟ್ಟರಾ ಅನ್ನೋದರ ಬಗ್ಗೆ ಕುಟುಂಬಗಳು ಒಂದು ಹೇಳ್ತಾವೆ, ಕಂಪನಿ ಇನ್ನೊಂದು ಹೇಳುತ್ತೆ. ತೀರ್ಪು ಕೊಡೋದು ನನ್ನ ಕೆಲಸ ಅಲ್ಲ. ನೀರು ಎಲ್ಲಿಗೆ ಬಂದಾಗ ಮಷಿನ್ ನಿಲ್ಲಿಸಿ ಹೊರಡಬೇಕು ಅನ್ನೋದು ಗೋಡೆ ಮೇಲೆ ಬರೆದಿದ್ದರೆ ಈ ಜಗಳಕ್ಕೆ ಜಾಗವೇ ಇರ್ತಿರಲಿಲ್ಲ ಅನ್ನೋದಂತೂ ಸತ್ಯ.

9/10

ಜನರೇಟರ್ ಇದೆಯಾ? ಇದೆ ಸಾರ್. ಆಡಿಟ್‌ನಲ್ಲಿ ಟಿಕ್. ಎಲ್ಲಿದೆ ಅಂತ ಯಾರೂ ಕೇಳಲ್ಲ.

2001ರ ಜೂನ್‌ನಲ್ಲಿ ಆಲಿಸನ್ ಅನ್ನೋ ಬಿರುಗಾಳಿ ಹ್ಯೂಸ್ಟನ್ ಮೇಲೆ ಮಳೆ ಸುರೀತು. ಅದು ಹರಿಕೇನ್ ಮಟ್ಟಕ್ಕೂ ಏರಿರಲಿಲ್ಲ. ಅಲ್ಲಿನ ಟೆಕ್ಸಾಸ್ ಮೆಡಿಕಲ್ ಸೆಂಟರ್ ಪ್ರಪಂಚದಲ್ಲೇ ಅತಿ ದೊಡ್ಡ ಆಸ್ಪತ್ರೆ ಸಮುಚ್ಚಯ. ನೆಲಮಾಳಿಗೆಗಳಿಗೆ, ಸುರಂಗ ದಾರಿಗಳಿಗೆ ನೀರು ನುಗ್ಗಿತು. ವಿದ್ಯುತ್ ವ್ಯವಸ್ಥೆಯ ಮುಖ್ಯ ಭಾಗಗಳು ಇದ್ದಿದ್ದೂ ಅಲ್ಲೇ. ಒಂದು ದೊಡ್ಡ ಆಸ್ಪತ್ರೆಯಿಂದ 500ಕ್ಕೂ ಹೆಚ್ಚು ರೋಗಿಗಳನ್ನ ಹೊರಗೆ ಸಾಗಿಸಬೇಕಾಯ್ತು. ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆಯ ಸಂಶೋಧನೆ ಹಾಳಾಯಿತು.

2012ರ ಅಕ್ಟೋಬರ್ 29, ನ್ಯೂಯಾರ್ಕ್, ಸ್ಯಾಂಡಿ. ಬೆಲ್‌ವ್ಯೂ ಆಸ್ಪತ್ರೆಯವರು ಬುದ್ಧಿವಂತಿಕೆಯಿಂದ ಜನರೇಟರುಗಳನ್ನ 13ನೇ ಮಹಡಿಯಲ್ಲಿ ಇಟ್ಟಿದ್ದರು. ಅದಕ್ಕೆ ಇಂಧನ ಮೇಲೇರಿಸೋ ಪಂಪ್ ಮಾತ್ರ ನೆಲಮಾಳಿಗೆಯಲ್ಲಿತ್ತು! ಅದು ಮುಳುಗಿತು. ಸಿಬ್ಬಂದಿ, ಸೈನಿಕರು ಮೆಟ್ಟಿಲಲ್ಲಿ ಸಾಲಾಗಿ ನಿಂತು ಇಂಧನವನ್ನ ಕೈಯಿಂದ ಕೈಗೆ 13 ಮಹಡಿ ದಾಟಿಸಿದರು. ಕೊನೆಗೆ ಆಸ್ಪತ್ರೆ ಖಾಲಿ ಮಾಡಲೇಬೇಕಾಯ್ತು. ಕಾಮರ್ಸ್‌ನವರಿಗೆ ಒಂದು ಸಣ್ಣ ಮಾಹಿತಿ: ಅದೇ ಬಿರುಗಾಳಿಗೆ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್ ಎರಡು ದಿನ ಮುಚ್ಚಿತ್ತು. ಹವಾಮಾನದ ಕಾರಣಕ್ಕೆ ಸತತ ಎರಡು ದಿನ ಮುಚ್ಚಿದ್ದು 1888ರ ನಂತರ ಅದೇ ಮೊದಲು.

ಈಗ ವಾಪಸ್ ಹ್ಯೂಸ್ಟನ್‌ಗೆ. ಆಲಿಸನ್ ಆದ ಮೇಲೆ ಮೆಡಿಕಲ್ ಸೆಂಟರ್ ಕೈಕಟ್ಟಿ ಕೂರಲಿಲ್ಲ. ವಿದ್ಯುತ್ ವ್ಯವಸ್ಥೆಯನ್ನ ಮೇಲಕ್ಕೆ ಸಾಗಿಸಿದರು, ತಡೆಗೋಡೆ ಕಟ್ಟಿದರು, ಸುರಂಗಗಳಿಗೆ ಜಲಾಂತರ್ಗಾಮಿಯಲ್ಲಿ ಇರೋ ಥರದ ಭಾರಿ ಬಾಗಿಲು ಕೂರಿಸಿದರು. ಹದಿನಾರು ವರ್ಷ ಆ ಬಾಗಿಲುಗಳು ಬರೀ ಖರ್ಚಿನ ಥರ ಕಾಣಿಸಿರಬೇಕು. 2017ರ ಆಗಸ್ಟ್‌ನಲ್ಲಿ ಹಾರ್ವೆ ಬಂದು ಹ್ಯೂಸ್ಟನ್ ಮುಳುಗಿದಾಗ ಅಲ್ಲಿನ ಬಹುತೇಕ ಆಸ್ಪತ್ರೆಗಳು ಕೆಲಸ ನಿಲ್ಲಿಸಲಿಲ್ಲ.

10/10

ಕೊನೆಯ ನಿಲ್ದಾಣ ಪೋರ್ಟೊ ರಿಕೊ. 2017ರ ಸೆಪ್ಟೆಂಬರ್ 20, ಮರಿಯಾ.

ದ್ವೀಪದ ವಿದ್ಯುತ್ ಸಂಸ್ಥೆ ಆ ಜುಲೈನಲ್ಲೇ ದಿವಾಳಿ ಅರ್ಜಿ ಹಾಕಿತ್ತು. ಸಾಲ ಸುಮಾರು 900 ಕೋಟಿ ಡಾಲರ್. ಹಳೇ ಕಂಬ, ಕಡಿಮೆ ಸಿಬ್ಬಂದಿ, ಕೈಯಲ್ಲಿ ದುಡ್ಡಿಲ್ಲ. ಅಮೆರಿಕದ ವಿದ್ಯುತ್ ಸಂಸ್ಥೆಗಳ ನಡುವೆ ಒಂದು ಮುಯ್ಯಿ ಪದ್ಧತಿ ಇದೆ. ನಮ್ಮೂರಿಗೆ ಗಾಳಿ ಬಂದ್ರೆ ನಿಮ್ಮ ಲೈನ್‌ಮನ್‌ಗಳನ್ನ ಕಳಿಸಿ, ನಿಮ್ಮೂರಿಗೆ ಬಂದಾಗ ನಮ್ಮವರು ಬರ್ತಾರೆ. ಅದೇ ತಿಂಗಳು ಇರ್ಮಾ ಹೊಡೆದ ಫ್ಲಾರಿಡಾದಲ್ಲಿ ಹಾಗೆ ಸಾವಿರಾರು ಜನ ಮೊದಲೇ ಬಂದು ಕಾಯ್ತಿದ್ದರು. ಅಲ್ಲಿನ ದೊಡ್ಡ ಕಂಪನಿ ಸುಮಾರು 10 ದಿನದಲ್ಲಿ ಕರೆಂಟ್ ವಾಪಸ್ ತಂತು. ಪೋರ್ಟೊ ರಿಕೊ ಆ ಸಹಾಯವನ್ನ ತಕ್ಷಣ ಕೇಳಲಿಲ್ಲ. ಬದಲಿಗೆ ಒಂದು ಪುಟ್ಟ ಕಂಪನಿಗೆ 30 ಕೋಟಿ ಡಾಲರ್‌ವರೆಗಿನ ಗುತ್ತಿಗೆ ಕೊಟ್ಟು, ಗಲಾಟೆ ಆದ ಮೇಲೆ ರದ್ದು ಮಾಡಿತು. ಗುಡ್ಡಗಾಡು, ಸುತ್ತ ಸಮುದ್ರ, ಕಷ್ಟ ಇತ್ತು ನಿಜ. ಎಲ್ಲರಿಗೂ ಕರೆಂಟ್ ಬರೋಕೆ ಸುಮಾರು 11 ತಿಂಗಳು ಹಿಡೀತು.

ಸತ್ತವರು 64 ಅಂತ ಸರ್ಕಾರ ಬಹಳ ದಿನ ಹೇಳ್ತಿತ್ತು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನದ ನಂತರ 2018ರ ಆಗಸ್ಟ್‌ನಲ್ಲಿ ಆ ಅಂಕಿ 2,975 ಆಯ್ತು. ಉಳಿದವರು ಆಮೇಲಿನ ತಿಂಗಳುಗಳಲ್ಲಿ ಹೋದವರು: ಕರೆಂಟ್ ಇಲ್ಲ, ಔಷಧಿ ಇಲ್ಲ, ಆಸ್ಪತ್ರೆಗೆ ದಾರಿ ಇಲ್ಲ. ಗಾಳಿ ಒಂದು ದಿನ ಇತ್ತು. ತಯಾರಿ ಇಲ್ಲದಿರೋದು ವರ್ಷ ಪೂರ್ತಿ ಇತ್ತು.

ಇದೆಲ್ಲ ನಮಗ್ಯಾಕೆ ಅಂತೀರಾ? ಬಿ.ಕಾಂ ಮುಗಿಸಿ ಬೆಂಗಳೂರಿನ ಆಫೀಸುಗಳಲ್ಲಿ ಅಮೆರಿಕದ ಕಂಪನಿಗಳ ಪೇರೋಲ್, ಇನ್ಶೂರೆನ್ಸ್ ಕ್ಲೇಮ್ ನೋಡ್ಕೊಳ್ಳೋರು ನಮ್ಮಲ್ಲಿ ಕಡಿಮೆ ಇಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಆ ಗಾಳಿ ಅವರ ಸ್ಕ್ರೀನಿಗೂ ಬರುತ್ತೆ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ಕೆಲವು ಕಂಪನಿಗಳು ಸಿಬ್ಬಂದಿಯನ್ನ ಬೆಂಗಳೂರಿಗೆ ಕಳಿಸಿ ಕೆಲಸ ನಡೆಸಿದವು. 2021ರ ಮೇನಲ್ಲಿ ತೌಕ್ತೆ ನಮ್ಮ ಕರಾವಳಿಯನ್ನೇ ಸವರಿಕೊಂಡು ಹೋಯ್ತು.

ನೀವು ಇಂಟರ್ನ್‌ಶಿಪ್‌ಗೋ ಕೆಲಸಕ್ಕೋ ಸೇರಿದ ಮೊದಲ ವಾರ ಈ ಐದು ಪ್ರಶ್ನೆ ಕೇಳಿ ನೋಡಿ:

▪️ ಜನರೇಟರ್ ಯಾವ ಮಹಡಿಯಲ್ಲಿದೆ? ಅದರ ಪಂಪ್?
▪️ ಬ್ಯಾಕಪ್ ಇದೇ ಊರಲ್ಲಿದೆಯಾ, ಬೇರೆ ಊರಲ್ಲಾ?
▪️ ಬಾಸ್ ಫೋನ್ ಹತ್ತದಿದ್ದರೆ ತೀರ್ಮಾನ ಯಾರದು, ಎಷ್ಟು ರೂಪಾಯಿವರೆಗೆ?
▪️ ಒಂದು ತಿಂಗಳು ವರಮಾನ ನಿಂತರೆ ಹೌಸ್‌ಕೀಪಿಂಗ್‌ನವರ ಸಂಬಳ ಎಲ್ಲಿಂದ?
▪️ ಈಗ ಮನೆಗೆ ಹೊರಡಿ ಅಂತ ಹೇಳೋ ಅಧಿಕಾರ ಯಾರಿಗಿದೆ?

ಉತ್ತರ ಗೊತ್ತಿದ್ದರೆ ಕಾಮೆಂಟ್‌ನಲ್ಲಿ ಬರೀರಿ, ಕಂಪನಿ ಹೆಸರು ಬೇಡ. ಐದಕ್ಕೆ ಎಷ್ಟು ಬಂತು ಅಂತ ಅಷ್ಟೇ ಹೇಳಿ. ಆಫೀಸಿನಲ್ಲಿ ಈ ಪ್ರಶ್ನೆ ಕೇಳೋ ಧೈರ್ಯ ಇರೋ ಒಬ್ಬರನ್ನ ಟ್ಯಾಗ್ ಮಾಡಿ.

#ಇತಿಹಾಸ #ಚಂಡಮಾರುತ #ಹರಿಕೇನ್ #ಬಿಕಾಂ #ಕಾಮರ್ಸ್‌ಕನ್ನಡ #ಕನ್ನಡದಲ್ಲಿಓದಿ